ಸೀಟು ಸಿಕ್ಕರೆ ಸಾಲದು, ಜೊತೆ ಬೇಕು!

(ಬೆಳ್ಳಂದೂರಿನ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹತ್ತನೇ ತರಗತಿವರೆಗೆ ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಪಿಯುಸಿಗೆ ಸೇರಿದ ಮೊದಲ ವಾರವೇ ಮೇಷ್ಟ್ರು 'ಆಕ್ಸಲರೇಷನ್ ಅಂದರೇನು?' ಎಂದು ಕೇಳಿದರು. ತಲೆ ತಗ್ಗಿಸಿ ನಿಂತೆ. ಇಡೀ ಕ್ಲಾಸು ನಕ್ಕಿತು. 'ವೇಗೋತ್ಕರ್ಷ' ಎಂದು ಕೇಳಿದ್ದರೆ ಉದಾಹರಣೆ ಸಮೇತ ಹೇಳುತ್ತಿದ್ದೆ! ನನಗೆ ಗೊತ್ತಿಲ್ಲದ್ದು ಪಾಠವಲ್ಲ, ಒಂದು ಪದ. ಆದರೂ ಊರಿಗೆ ವಾಪಸು ಹೋಗಲು ಟ್ರಂಕು ಕಟ್ಟಿದ್ದೆ. ತಡೆದವನು ಪಕ್ಕದ ರೂಮಿನ ಸೀನಿಯರ್. ರಾತ್ರಿ ಕೂರಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳಿದ, ಇಂಗ್ಲಿಷಿನಲ್ಲಿ ಬರೆಸಿದ. ಅದಕ್ಕೇ ಇವತ್ತು ನಿಮ್ಮೆದುರು ನಿಂತಿದ್ದೇನೆ.

ಬಂಧುಗಳೇ, 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲಾತಿ ಇದೆ. ಗ್ರಾಮೀಣರಿಗೆ ಶೇ. 15 ಇದೆ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ 8 ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಬಾಗಿಲು ತೆರೆಯಿತು, ಸರಿ. ಒಳಗೆ ಹೋದ ಹುಡುಗನ ಪಕ್ಕದಲ್ಲಿ ಕೂರುವವರು ಯಾರು? ಸರ್ಕಾರ ಬಂದು ಕೂರುತ್ತದೆಯೇ? ನಾವೇ ಕೂರಬೇಕು!

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞ ಒಂದು ವಿಷಯ ಗಮನಿಸಿದರು. ಕಪ್ಪು ವಿದ್ಯಾರ್ಥಿಗಳು ಗಣಿತದಲ್ಲಿ ಹಿಂದೆ ಬೀಳುತ್ತಿದ್ದರು. ಸೋಮಾರಿತನದಿಂದಲ್ಲ. ಅವರು ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಗುಂಪುಗಳನ್ನು ಕಟ್ಟಿದರು. ಸುಲಭದ ಲೆಕ್ಕ ಕೊಡಲಿಲ್ಲ, ಕಠಿಣ ಲೆಕ್ಕವನ್ನೇ ಕೊಟ್ಟರು. ಫಲಿತಾಂಶ ಸುಧಾರಿಸಿತು. ಬೇಕಾಗಿದ್ದದ್ದು ಕನಿಕರವಲ್ಲ, ಜೊತೆ!

ಇಲ್ಲೂ ಅದೇ ಆಗಲಿ. ಪ್ರತಿ ಕಾಲೇಜಿನಲ್ಲಿ ಐದಾರು ಜನರ ಗುಂಪು ಕಟ್ಟಿ. ವಾರಕ್ಕೆ ಎರಡು ಸಂಜೆ ಸಾಕು. ಕನ್ನಡದಲ್ಲಿ ಚರ್ಚೆ, ಇಂಗ್ಲಿಷಿನಲ್ಲಿ ಬರವಣಿಗೆ. ಸೀನಿಯರ್‌ಗಳು ಹಳೇ ಪ್ರಶ್ನೆಪತ್ರಿಕೆ, ನೋಟ್ಸು ಕೊಡಲಿ. ರಿಂಗ್ ರೋಡಿನ ಕಂಪನಿಗಳಲ್ಲಿರುವ ಕನ್ನಡಿಗರು ಭಾನುವಾರ ಎರಡು ತಾಸು ಕೊಡಲಿ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರುವಂತೆ ಹೊತ್ತು ಗೊತ್ತುಮಾಡಿ. ಯಾರ ಜಾತಿಯನ್ನೂ ಕೇಳಬೇಡಿ.

ಒಂದು ಕಹಿ ಮಾತು. ಕಲಬುರಗಿ, ಬೀದರಿನ ಹುಡುಗರ ಮಾತು ಕೇಳಿ ನಗುವವರು ನಮ್ಮಲ್ಲೇ ಇದ್ದಾರೆ. ಇಂಗ್ಲಿಷಿಗೆ ನಕ್ಕವರನ್ನು ಬೈಯುವ ನಾವು ಕನ್ನಡಕ್ಕೇ ನಗುವುದೇ? ನಾಚಿಕೆಯಾಗಬೇಕು!

ಇದೇ ಬೆಳ್ಳಂದೂರು ಗ್ರಾಮ ಪಂಚಾಯತಿಯಾಗಿದ್ದಾಗ, 1990ರ ದಶಕದ ಕೊನೆಯಲ್ಲೇ, ಆಡಳಿತಕ್ಕೆ ಕಂಪ್ಯೂಟರ್ ತಂದು ಹೆಸರು ಮಾಡಿತ್ತು. ಹಳ್ಳಿಯವರಿಗೆ ಆಗದ್ದು ಯಾವುದೂ ಇಲ್ಲ. ನವೆಂಬರ್‌ನಲ್ಲಿ ಬಾವುಟ ಹಾರಿಸೋಣ. ಆದರೆ ಜೂನ್, ಜುಲೈನಲ್ಲಿ ಟ್ರಂಕು ಹಿಡಿದು ಬರುವ ಹೊಸ ಹುಡುಗನ, ಹೊಸ ಹುಡುಗಿಯ ಕೈ ಹಿಡಿಯೋಣ. ಅವರು ಟ್ರಂಕು ಕಟ್ಟಿ ವಾಪಸು ಹೋಗದಂತೆ ನೋಡಿಕೊಳ್ಳುವುದೂ ಕನ್ನಡದ ಕೆಲಸವೇ.

ಜೈ ಕರ್ನಾಟಕ!