ನೆಲದಡಿಯ ಖಾತೆ

(ಜಾನ್ಸನ್‌ವಿಲ್‌ನಲ್ಲಿ ನಮ್ಮ ಕುಟುಂಬಗಳು ಸೇರಿದ್ದಾಗ ಆಡಿದ ಮಾತು)



ನಾನು ಲೆಕ್ಕ ಬರೆಯುವವ, ಭೂವಿಜ್ಞಾನಿ ಅಲ್ಲ. ಆದರೆ ದುಡಿದ ಹಣದಲ್ಲಿ ಊರಲ್ಲಿ ಮನೆ ಕಟ್ಟಿಸುವ ನಮಗೆ ನೀರಿನ ಲೆಕ್ಕವೂ ಸ್ವಲ್ಪ ಗೊತ್ತಿರಬೇಕು.

ನೆಲದಡಿಯಲ್ಲಿ ದೊಡ್ಡ ಕೆರೆಯೋ ಹೊಳೆಯೋ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೆಚ್ಚಿನ ನೀರು ಇರುವುದು ಮರಳು, ಜಲ್ಲಿಗಳ ಸಂದಿಯಲ್ಲಿ, ಬಂಡೆಯ ಬಿರುಕಿನಲ್ಲಿ. ಮಳೆನೀರು ಇಂಗಿ ಇಳಿಯುತ್ತದೆ. ಜೇಡಿಯೋ ಗಟ್ಟಿ ಬಂಡೆಯೋ ಅಡ್ಡ ಬಂದಲ್ಲಿ ತುಂಬಿಕೊಂಡು, ತಗ್ಗಿನ ಕಡೆಗೆ ನಿಧಾನ ಸರಿಯುತ್ತದೆ.

ಇಲ್ಲಿಂದ ಬೆಟ್ಟ ಇಳಿದು ಪೆಟೋನಿಗೆ ಹೋದರೆ ಬ್ಯೂಯಿಕ್ ಸ್ಟ್ರೀಟ್‌ನಲ್ಲಿ ಜನ ಬಾಟ್ಲಿಗಳಿಗೆ ನೀರು ತುಂಬಿಸುವುದನ್ನು ನೀವು ನೋಡಿರಬಹುದು. ಅದು ವೈಫೆಟು ಅಂತರ್ಜಲ. ಟೈಟಾ ಕಣಿವೆ ದಾಟಿದ ಮೇಲೆ ಹಟ್ ನದಿಯ ನೀರು ಜಲ್ಲಿಯೊಳಗೆ ಇಂಗುತ್ತದೆ. ಪೆಟೋನಿ ಕಡೆ ಬರುವಾಗ ಅದರ ಮೇಲೆ ಜೇಡಿಯ ಪದರ ಮುಚ್ಚಳದ ಹಾಗೆ ಕೂತಿದೆ. ಆದ್ದರಿಂದ ನೀರು ಒತ್ತಡದಲ್ಲಿರುತ್ತದೆ. ಕೊಳವೆ ಇಳಿಸಿದರೆ ತಾನಾಗಿ ಮೇಲೇರುತ್ತದೆ. ವೆಲ್ಲಿಂಗ್ಟನ್ ಪ್ರದೇಶದ ನೀರಿನಲ್ಲಿ ಸುಮಾರು 40 ಶೇಕಡಾ ಇದೇ. ಈ ಪದರ ಬಂದರಿನ ಅಡಿಗೂ ಚಾಚಿದೆ. ಅತಿಯಾಗಿ ಎತ್ತಿದರೆ ಉಪ್ಪುನೀರು ಒಳಬರಬಹುದು. ಹಾಗಾಗಿ ತೀರದಲ್ಲಿ ಮಟ್ಟ ಅಳೆಯುತ್ತಲೇ ಇರುತ್ತಾರೆ. ಬ್ಯಾಲೆನ್ಸ್ ನೋಡಿ ಹಣ ತೆಗೆದ ಹಾಗೆ.

ಈಗ ನಮ್ಮೂರ ಲೆಕ್ಕ ನೋಡಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಅಂತ ಹಿಡಿಯೋಣ. ಆದರೂ ಏಪ್ರಿಲ್‌ನಲ್ಲಿ ಎಷ್ಟೋ ಬಾವಿ ಬತ್ತುವುದು ಯಾಕೆ? ನಮ್ಮ ಮುರಕಲ್ಲು ತೂತು ತೂತು. ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಗುಡ್ಡದಲ್ಲಿ ಇಂಗಿದ್ದು ಒರತೆಯಾಗಿ ತೋಡು ಸೇರಿ, ನೇತ್ರಾವತಿಯಲ್ಲಿ ಕಡಲಿಗೆ ಹೋಗುತ್ತದೆ. ಅದನ್ನು ತಡೆದು ನಿಲ್ಲಿಸಲಿಕ್ಕೇ ಹಿಂದಿನವರು ಗುಡ್ಡದಲ್ಲಿ ಮದಕ, ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು, ಇಂಗುಗುಂಡಿಗಳನ್ನೂ ತೋಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾವು ಮಾಡುವುದೇನು? ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುತ್ತೇವೆ. ಬಾವಿ ಬತ್ತಿದರೆ ಬೋರ್‌ವೆಲ್‌ಗೆ ಹಣ ಕಳಿಸುತ್ತೇವೆ. ಆಳದ ಬಂಡೆಯ ಬಿರುಕಿಗೆ ನೀರು ಇಳಿಯುವುದು ಬಹಳ ನಿಧಾನ. ಜಮೆ ಕಡಿಮೆ, ಖರ್ಚು ಜಾಸ್ತಿ. ಪಕ್ಕದ ಮನೆಯವರೂ ಅದೇ ಖಾತೆಯಿಂದ ತೆಗೆಯುವವರು ಎಂಬುದು ನೆನಪಿರಲಿ.

100 ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್! ಅದರಲ್ಲಿ ಸ್ವಲ್ಪವಾದರೂ ನೆಲಕ್ಕೆ ಹೋಗಲಿ. ಮೊದಲ ಮಳೆಯ ಕೊಳೆನೀರು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಯ ಹತ್ತಿರದ ಗುಂಡಿಗೆ ಇಳಿಸಿ. ಕಕ್ಕಸಿನ ಗುಂಡಿಯಿಂದ ಮಾತ್ರ ದೂರ ಇರಲಿ. ಅಂಗಳದಲ್ಲಿ ಒಂದಿಷ್ಟು ಮಣ್ಣು ಮಣ್ಣಾಗಿಯೇ ಉಳಿಯಲಿ.

ಮುಂದಿನ ಸಲ ಫೋನ್ ಮಾಡುವಾಗ ಉಮ್ಮನ ಹತ್ತಿರ ಕೇಳಿ: ಬಾವಿಯಲ್ಲಿ ಈಗ ಎಷ್ಟು ಕೋಲು ನೀರಿದೆ? ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ. ಬೋರ್‌ವೆಲ್‌ಗೆ ಹಣ ಕಳಿಸುವ ಮೊದಲು ಆ ಪುಸ್ತಕ ಒಮ್ಮೆ ತೆರೆದು ನೋಡಿ.