ಕಲಿತಂತೆ ಬದಲಾಗುವ ಮಿದುಳು



ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಗಳಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಅಕ್ಷರ ತರಗತಿ ನಡೆಯಿತು. ಕಲಿಯಲು ಬಂದವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು, ಚಿಕ್ಕಂದಿನಲ್ಲಿ ಶಾಲೆಯ ಭಾಗ್ಯ ಇಲ್ಲದೆ ಹೋದವರು. ದೇವನಾಗರಿ ಅಕ್ಷರಗಳಿಂದ ಶುರುಮಾಡಿ ಆರು ತಿಂಗಳು ಅವರಿಗೆ ಓದು ಕಲಿಸಿದರು. ಪಾಠಕ್ಕೆ ಮುಂಚೆ ಒಂದು ಸಲ, ಪಾಠ ಮುಗಿದ ಮೇಲೆ ಇನ್ನೊಂದು ಸಲ ಎಂಆರ್‌ಐ ಯಂತ್ರದಲ್ಲಿ ಅವರ ಮಿದುಳಿನ ಚಿತ್ರ ತೆಗೆದರು. ಭಾರತ ಮತ್ತು ಯುರೋಪಿನ ವಿಜ್ಞಾನಿಗಳು ಕೂಡಿ ಮಾಡಿದ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಆರು ತಿಂಗಳಲ್ಲಿ ಆ ಹೆಣ್ಣುಮಕ್ಕಳು ಹೆಚ್ಚು ಕಡಿಮೆ ಒಂದನೇ ತರಗತಿ ಮಗುವಿನಷ್ಟು ಓದುವುದನ್ನು ಕಲಿತಿದ್ದರು. ಮಿದುಳಿನಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡ ಸುದ್ದಿ. ಓದಿನಿಂದ ಬದಲಾಗುವುದು ಮಿದುಳಿನ ಮೇಲ್ಪದರ ಎಂದೇ ಅಲ್ಲಿಯವರೆಗೆ ಹೆಚ್ಚಿನವರು ಭಾವಿಸಿದ್ದರು. ಇಲ್ಲಿ ಕಂಡ ಬದಲಾವಣೆ ತೀರಾ ಆಳದ್ದು. ಥಲಾಮಸ್ ಮತ್ತು ಮಿದುಳಿನ ಕಾಂಡ ಎಂಬ ಭಾಗಗಳಿವೆಯಲ್ಲ, ಕಣ್ಣು ಯಾವುದರ ಮೇಲೆ ನೆಡಬೇಕು, ಯಾವಾಗ ಸರಿಯಬೇಕು ಎಂಬುದನ್ನು ನಡೆಸುವ ಆ ಭಾಗಗಳು, ತಲೆಯ ಹಿಂಬದಿಯಲ್ಲಿರುವ ದೃಷ್ಟಿಕೇಂದ್ರದ ಜೊತೆ ಮೊದಲಿಗಿಂತ ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಯಾರಲ್ಲಿ ಈ ಹೊಂದಾಣಿಕೆ ಹೆಚ್ಚಿತ್ತೋ ಅವರ ಓದೂ ಚೆನ್ನಾಗಿತ್ತು. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷದ ಮೇಲೆ ಸ್ವಲ್ಪ ಆಗಿರಬಹುದು. ಮಿದುಳಿನ ಈ ಭಾಗಗಳೋ ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಕೋಟಿ ವರ್ಷ ಹಿಂದಿನವು. ಅಷ್ಟು ಹಳೆಯದೊಂದು ವ್ಯವಸ್ಥೆ ಮೂವತ್ತು ದಾಟಿದ ಹೆಂಗಸಿನ ಆರು ತಿಂಗಳ ದುಡಿಮೆಗೆ ಬಗ್ಗಿತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಬಲು ಸುಲಭವಾಗಿ ಕೇಳಿಬಿಡುತ್ತೇವೆ. ಮಿದುಳಿನ ಮಟ್ಟಿಗೆ ಈ ಗಾದೆಯನ್ನು ಇನ್ನು ಬಿಟ್ಟುಬಿಡುವುದೇ ಒಳ್ಳೆಯದು. ಚಿಕ್ಕವರು ಬೇಗ ಕಲಿಯುತ್ತಾರೆ ಎನ್ನುವುದು ನಿಜ. ಅದಕ್ಕಾಗಿ ದೊಡ್ಡವರು ಕಲಿಯಲಾರರು ಎಂದರೆ ಅದು ಸುಳ್ಳು.

ಹಾಗಾದರೆ ಮಿದುಳು ಬೆಳೆಯುವುದು ಎಂದರೇನು? ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕಲಿತಾಗ ಈ ಸಂಖ್ಯೆಯೇನೂ ಲೆಕ್ಕಕ್ಕೆ ಬರುವಷ್ಟು ಏರುವುದಿಲ್ಲ. ಬೆಳೆಯುವುದು ಅವುಗಳ ನಡುವಿನ ಸಂಬಂಧ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಟಿಮೊಥಿ ಬ್ಲಿಸ್ ಮತ್ತು ಟೆರ್ಯೆ ಲೋಮೊ ಎಂಬಿಬ್ಬರು ನಾರ್ವೆಯ ಓಸ್ಲೋದಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಒಂದು ನರಮಾರ್ಗಕ್ಕೆ ಅವರು ಸ್ವಲ್ಪ ಹೊತ್ತು ಬಿಡದೆ ವಿದ್ಯುತ್ ಸಂಕೇತ ಕೊಟ್ಟರು. ಆಮೇಲೆ ಅದೇ ದಾರಿಯಲ್ಲಿ ಹಳೆಯ ಸಣ್ಣ ಸಂಕೇತವನ್ನೇ ಕಳಿಸಿದರೂ ಆಚೆ ತುದಿಯಿಂದ ಮೊದಲಿಗಿಂತ ದೊಡ್ಡ ಉತ್ತರ ಬಂತು, ಗಂಟೆಗಟ್ಟಲೆ ಹಾಗೇ ಉಳಿಯಿತು. ಬಳಸಿದ ದಾರಿ ಗಟ್ಟಿಯಾಗುತ್ತದೆ ಎಂಬುದಕ್ಕೆ ಪ್ರಯೋಗಶಾಲೆಯಲ್ಲಿ ಸಿಕ್ಕ ಸ್ಪಷ್ಟ ಸಾಕ್ಷಿ ಅದು. ಇದರ ಜೊತೆಗೆ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅಭ್ಯಾಸದಿಂದ ಅದೂ ಬದಲಾಗುತ್ತದೆ, ಸಂಕೇತ ಬೇಗ ಹರಿಯುತ್ತದೆ.

ಶ್ರಮದ ಪಾಲು ಎಷ್ಟು ಎಂದು ತಿಳಿಯಲು ಲಂಡನ್ನಿನ ಟ್ಯಾಕ್ಸಿ ಚಾಲಕರನ್ನು ನೋಡಬೇಕು. ಅಲ್ಲಿ ಕಪ್ಪು ಟ್ಯಾಕ್ಸಿಯ ಲೈಸೆನ್ಸ್ ಬೇಕಾದರೆ ಚೇರಿಂಗ್ ಕ್ರಾಸ್‌ನಿಂದ ಸುತ್ತಲೂ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳು ನಾಲಗೆಯ ತುದಿಯಲ್ಲಿರಬೇಕು. ಮೂರು ನಾಲ್ಕು ವರ್ಷದ ಓದು. ಅಭ್ಯರ್ಥಿಗಳು ಮೊಪೆಡ್ಡಿನ ಹ್ಯಾಂಡಲಿಗೆ ನಕ್ಷೆ ಸಿಕ್ಕಿಸಿಕೊಂಡು ಮಳೆ ಚಳಿಯೆನ್ನದೆ ಬೀದಿ ಬೀದಿ ಸುತ್ತುತ್ತಾರೆ. ಸಂಜೆ ಜೊತೆಗಾರರ ಎದುರು ಕೂತು, ಪುಸ್ತಕ ಮುಚ್ಚಿ, ಇಲ್ಲಿಂದ ಎಡಕ್ಕೆ, ಅಲ್ಲಿಂದ ಬಲಕ್ಕೆ ಎಂದು ದಾರಿಯನ್ನು ಬಾಯಲ್ಲಿ ಒಪ್ಪಿಸುತ್ತಾರೆ. ಪರೀಕ್ಷಕರು ಎರಡು ಜಾಗದ ಹೆಸರು ಹೇಳಿದರೆ ನಡುವಿನ ಪ್ರತಿ ಬೀದಿ, ಪ್ರತಿ ತಿರುವು ತಡವರಿಸದೆ ಬರಬೇಕು.

ಎಲೆನಾರ್ ಮಗ್ವಾಯರ್ ಎಂಬ ನರವಿಜ್ಞಾನಿ ಈ ಚಾಲಕರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ದಾರಿಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಚಾಲಕರಲ್ಲಿ ದೊಡ್ಡದಿದೆ ಎಂದು 2000ದಲ್ಲಿ ತೋರಿಸಿದರು. ಅಂಥ ಮಿದುಳು ಇದ್ದವರೇ ಈ ಕೆಲಸಕ್ಕೆ ಬಂದಿರಬಹುದಲ್ಲ ಎಂಬ ಪ್ರಶ್ನೆ ಎದ್ದಿತು. ಸರಿಯಾದ ಪ್ರಶ್ನೆಯೇ. ಅದಕ್ಕೆ ಅವರು ಕ್ಯಾಥರಿನ್ ವುಲೆಟ್ ಜೊತೆ ಸೇರಿ ಆಗತಾನೇ ಕಲಿಯಲು ಹೊರಟ 79 ಮಂದಿಯನ್ನು ಹಿಡಿದು ಮೂರು ನಾಲ್ಕು ವರ್ಷ ಕಾದರು. ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ಥರ ಇತ್ತು. ಕೊನೆಗೆ 39 ಮಂದಿ ಪಾಸಾದರು. ಬೆಳೆದದ್ದು ಅವರ ಹಿಪೊಕ್ಯಾಂಪಸ್ ಮಾತ್ರ. ಪಾಸಾದವರು ವಾರಕ್ಕೆ ಕೊಟ್ಟ ಗಂಟೆಗಳು, ಪಾಸಾಗದವರು ಕೊಟ್ಟದ್ದರ ಸುಮಾರು ಎರಡರಷ್ಟಿದ್ದವು. ಒಂದು ಮಾತು ಮುಚ್ಚಿಡಬಾರದು: ಈ ಚಾಲಕರು ಬೇರೆ ಬಗೆಯ ಕೆಲವು ನೆನಪಿನ ಪರೀಕ್ಷೆಗಳಲ್ಲಿ ಇತರರಿಗಿಂತ ಹಿಂದೆ ಬಿದ್ದರು. ಒಂದು ಕಡೆ ಬೆಳೆಸಿಕೊಂಡದ್ದಕ್ಕೆ ಇನ್ನೊಂದು ಕಡೆ ಅಷ್ಟಿಷ್ಟು ಬೆಲೆ ತೆರಬೇಕಾಗುತ್ತದೆ.

ಪುಸ್ತಕ ಮುಚ್ಚಿ ಒಪ್ಪಿಸುವ ಅವರ ಪದ್ಧತಿಯ ಬಗ್ಗೆ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ಮತ್ತು ಅವರ ತಂದೆತಾಯಿಗೆ ವಿಶೇಷವಾಗಿ ಹೇಳಬೇಕು. 2006ರಲ್ಲಿ ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಟ ಮುಚ್ಚಿ, ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಅವರನ್ನು ಬಹಳ ಹಿಂದೆ ಹಾಕಿದ್ದರು. ಪುಟ ಮುಚ್ಚಿದಾಗ ತಲೆ ತಡಕಾಡುತ್ತದೆ, ಬೇಸರವಾಗುತ್ತದೆ, ಏನೂ ಬರುತ್ತಿಲ್ಲ ಅನ್ನಿಸುತ್ತದೆ. ಕಲಿಕೆ ಗಟ್ಟಿಯಾಗುವುದು ಆ ತಡಕಾಟದಲ್ಲೇ. ಆಗ ಮಗುವಿಗೆ ದಡ್ಡ ಎಂಬ ಪಟ್ಟ ಕಟ್ಟಿದರೆ ಕೆಲಸ ನಡೆಯುತ್ತಿರುವ ಹೊತ್ತಿನಲ್ಲೇ ಅದನ್ನು ನಿಲ್ಲಿಸಿದ ಹಾಗೆ.

ಇನ್ನೊಂದು ಸಂಗತಿ. 2004ರಲ್ಲಿ ಜರ್ಮನಿಯಲ್ಲಿ ಕೆಲವರಿಗೆ ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟ ಕಲಿಸಿದರು. ಮೂರು ತಿಂಗಳ ಅಭ್ಯಾಸಕ್ಕೆ, ಚಲಿಸುವ ವಸ್ತುವನ್ನು ಗುರುತಿಸುವ ಮಿದುಳಿನ ಭಾಗ ದಪ್ಪವಾಗಿತ್ತು. ಅಭ್ಯಾಸ ಬಿಟ್ಟು ಮೂರು ತಿಂಗಳಾಗುವಷ್ಟರಲ್ಲಿ ಅದು ಮತ್ತೆ ಇಳಿಯುತ್ತಾ ಬಂದಿತ್ತು.

ನಮ್ಮಲ್ಲಿ ವಯಸ್ಕರ ಶಿಕ್ಷಣದ ತರಗತಿ ಮುಗಿಸಿದವರ ವಿಷಯದಲ್ಲಿ ಇದು ಚಿಂತಿಸಬೇಕಾದ ಮಾತು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಸಹಿ ಹಾಕಲು ಕಲಿತರೆ ನಾವು ಸಂತೋಷಪಟ್ಟು ಸುಮ್ಮನಾಗುತ್ತೇವೆ. ಅವರ ಕಣ್ಣಿಗೆ ಮರುದಿನವೂ ಅಕ್ಷರ ಬೀಳಬೇಕು. ಬಸ್ಸಿನ ಬೋರ್ಡು, ಸಂಘದ ಪಾಸ್‌ಬುಕ್ಕು, ಔಷಧಿಯ ಚೀಟಿ ಏನಾದರೂ ಆದೀತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಶಾಲೆಯ ಮಕ್ಕಳಿಗೆ, ಕೆಲಸದ ಪರೀಕ್ಷೆ ಬರೆಯುವವರಿಗೆ ಇಡುವಂತೆ, ಈಗಷ್ಟೇ ಓದು ಕಲಿತ ಅಮ್ಮಂದಿರಿಗೂ ದಪ್ಪ ಅಕ್ಷರದ, ಸಣ್ಣ ವಾಕ್ಯದ, ದೊಡ್ಡವರ ಬದುಕಿನ ಕಥೆಯಿರುವ ಪುಸ್ತಕಗಳನ್ನು ಒಂದು ಕಪಾಟಿನಲ್ಲಿ ಬೇರೆಯಾಗಿ ಇಡಬೇಕು. ಹೊಲ ಮನೆ ಕೆಲಸ ಮುಗಿಸಿ ಅವರು ಬರುವ ಹೊತ್ತಿಗೆ ಆ ಕೇಂದ್ರದ ಬಾಗಿಲು ತೆರೆದಿರಬೇಕು.