ಮಾದರಿ ವಿಮಾನದ ರೆಕ್ಕೆಗೆ ತಡೆಫಲಕ



ಈ ಮೇಜಿನ ಮೇಲಿರುವುದು ಡಗ್ಲಸ್ ಡಾಂಟ್‌ಲೆಸ್ ಎಂಬ ಅಮೆರಿಕದ ಯುದ್ಧವಿಮಾನದ ಮಾದರಿ. ನಿಜವಾದುದರ 24ನೆಯ ಒಂದು ಪಾಲಿನಷ್ಟು ದೊಡ್ಡದು. ವಿಮಾನದ ರೆಕ್ಕೆಗಳ ಅಗಲ 41 ಅಡಿ 6 ಅಂಗುಲ. ಆದುದರಿಂದ ಮಾದರಿಯದು ಇಪ್ಪತ್ತೂಮುಕ್ಕಾಲು ಅಂಗುಲ. ರೆಕ್ಕೆಯ ಹಿಂಬದಿಯ ತೂತುತೂತಾದ ತಗಡನ್ನು ಕಂಡು ಬಾಲಕನೊಬ್ಬನು, "ಇದೇನು, ಜರಡಿಯೇ?" ಎಂದು ಕೇಳಿದನು. ಪ್ರಶ್ನೆ ಒಳ್ಳೆಯದೇ.

ಈ ವಿಮಾನವು ಆಕಾಶದಿಂದ ಗಿಡುಗನಂತೆ ನೆಟ್ಟನೆ ಎರಗಿ ಬಾಂಬು ಹಾಕತಕ್ಕದ್ದು. ಎರಗುವಾಗ ವೇಗವು ಮಿತಿಮೀರಿದರೆ ಗುರಿ ತಪ್ಪುವುದು. ಮೇಲೇಳಲು ಎಡೆಯೇ ಉಳಿಯದು. ಅದಕ್ಕಾಗಿ ರೆಕ್ಕೆಯ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಫಲಕವು ಬಾಯಿ ತೆರೆದಂತೆ ಬಿಚ್ಚಿಕೊಂಡು ಗಾಳಿಗೆ ಅಡ್ಡ ನಿಲ್ಲುತ್ತವೆ. ಇದಕ್ಕಿಂತ ಹಿಂದಿನ ನಾರ್ಥ್ರಪ್ ವಿಮಾನದಲ್ಲಿ ತೂತಿಲ್ಲದ ಫಲಕಗಳನ್ನು ಪ್ರಯೋಗಿಸಿದಾಗ, ಕದಡಿದ ಗಾಳಿಯು ಬಾಲಕ್ಕೆ ಬಡಿದು ಬಾಲವೇ ಅದುರಿತು. ತೂತು ಕೊರೆದು ಗಾಳಿಗೆ ಕೊಂಚ ದಾರಿ ಬಿಟ್ಟರು. ಅದುರು ತಗ್ಗಿತು, ತಡೆ ಉಳಿಯಿತು. 1942ರ ಜೂನ್ 4ರಂದು ಶಾಂತಸಾಗರದ ಮಿಡ್‌ವೇ ಬಳಿ ಇಂತಹ ವಿಮಾನಗಳು ಕೆಲವೇ ನಿಮಿಷಗಳಲ್ಲಿ ಜಪಾನಿನ ಮೂರು ವಿಮಾನವಾಹಕ ಹಡಗುಗಳನ್ನು ಉರಿಸಿದವು. ಪ್ರತಿಯೊಂದರಲ್ಲಿಯೂ ಇಬ್ಬರು ಕುಳಿತಿದ್ದರು, ಹಿಂತಿರುಗದವರು ಅನೇಕರು. ಹಡಗುಗಳಲ್ಲಿ ಸತ್ತವರಂತೂ ಸಾವಿರಾರು. ಇದು ಆಟಿಕೆಯ ಕಥೆಯಲ್ಲವೆಂಬುದು ನೆನಪಿರಲಿ.

ಇನ್ನು ಮಾಡುವ ಬಗೆ. ಫಲಕವನ್ನು ತೆಳು ಅಲ್ಯುಮಿನಿಯಂ ತಗಡಿನಲ್ಲಿ ಕತ್ತರಿಸಿ, ತೂತುಗಳ ಅಳತೆಯನ್ನೂ ಸಾಲುಗಳನ್ನೂ ನಕ್ಷೆಯಿಂದಲೇ ತೆಗೆದುಕೊಳ್ಳಬೇಕು. ಪ್ರತಿ ತೂತಿನ ನಡುವನ್ನೂ ಮೊಳೆಯಿಂದ ಗುರುತಿಸದಿದ್ದರೆ ಬೈರಿಗೆಯು ಜಾರುತ್ತದೆ. ತಗಡನ್ನು ಎರಡು ಹಲಗೆಗಳ ನಡುವೆ ಬಿಗಿಹಿಡಿದು ಕೊರೆಯಿರಿ. ಇಲ್ಲವಾದರೆ ಅಂಚು ಮುರುಟುತ್ತದೆ. (ಕಿರಿಯರು ಬೈರಿಗೆ ಹಿಡಿದಾಗ ಪಾಲಕರು ಬಳಿಯಲ್ಲಿರತಕ್ಕದ್ದು.) ಫಲಕದ ಮುಂದಂಚಿಗೆ ಸಣ್ಣ ಕೊಳವೆಯ ತುಂಡುಗಳನ್ನು ಅಂಟಿಸಿ, ಅವುಗಳೊಳಗೆ ತಂತಿ ತೂರಿಸಿದರೆ ಅದೇ ಕೀಲು.

ಮೇಲಿನ ಫಲಕದ ಕೀಲಿನ ಬಳಿಯಿಂದ ಒಂದು ಚಿಕ್ಕ ತೋಳು ರೆಕ್ಕೆಯೊಳಗೆ ಕೆಳಮುಖವಾಗಿಯೂ, ಕೆಳಗಿನದರಿಂದ ಒಂದು ಮೇಲ್ಮುಖವಾಗಿಯೂ ಇರಲಿ. ಒಂದಕ್ಕೊಂದು ತಾಕದಂತೆ ಪಕ್ಕಪಕ್ಕದಲ್ಲಿರಲಿ. ಒಂದೇ ಸರಳು ಹಿಂದಕ್ಕೆ ಸರಿದು ಎರಡು ತೋಳುಗಳನ್ನೂ ತಳ್ಳಿದರೆ ಫಲಕಗಳೆರಡೂ ಒಮ್ಮೆಗೇ ತೆರೆಯುವುವು. ನಿಜವಾದ ವಿಮಾನದಲ್ಲಿ ಈ ಕೆಲಸ ಎಣ್ಣೆಯ ಒತ್ತಡದಿಂದ ನಡೆಯುತ್ತಿತ್ತು.

ನಾನು ಮೊದಲು ಮಾಡಿದಾಗ ಮೇಲಿನ ತೋಳು ಕೂದಲೆಳೆಯಷ್ಟು ಉದ್ದವಾಗಿತ್ತು. ಉದ್ದದ ತೋಳು ಕಡಿಮೆ ತಿರುಗುವುದರಿಂದ ಮೇಲಿನ ಫಲಕ ಅರೆಬರೆ ತೆರೆಯಿತು. ನೋಡುವವರಿಗೆ ಗೊತ್ತಾಗದೆಂದು ಬಿಡಲು ಮನಸ್ಸಾಯಿತು. ಆದರೆ ಎರಗುತ್ತಿರುವ ವಿಮಾನದಲ್ಲಿ ಮೇಲುಕೆಳಗಿನ ಎಳೆತ ಸಮನಾಗದಿದ್ದರೆ ಚಾಲಕನ ಗತಿಯೇನೆಂದು ನೆನೆದು, ರೆಕ್ಕೆಯನ್ನು ಸೀಳಿ ಎರಡು ತೋಳುಗಳನ್ನೂ ಹೊಸದಾಗಿ ಅರ ಹಾಕಿದೆನು. ಎಂಟು ದಿನ ಹೋದವು.

ಇನ್ನೊಂದು ಕೊರತೆ ಉಳಿದಿದೆ. ನೆಲಕ್ಕಿಳಿಯುವಾಗ ಕೆಳಗಿನ ಫಲಕ ಮಾತ್ರ ತೆರೆಯತಕ್ಕದ್ದು; ಅದಕ್ಕೆ ಎರಡು ಬೇರೆ ಬೇರೆ ಸರಳುಗಳು ಬೇಕು. ನನ್ನ ರೆಕ್ಕೆಯೊಳಗೆ ಅವೆರಡಕ್ಕೂ ಎಡೆ ಸಾಲಲಿಲ್ಲ. ಉಪಾಯ ಹೊಳೆದವರು ಭಾಷಣ ಮುಗಿದ ಮೇಲೆ ಮೇಜಿನ ಬಳಿಗೆ ಬನ್ನಿರಿ.